ಮಂಡಕ್ಕಿ ಭಟ್ಟಿಯ ಚಿತ್ರಕಥೆ: ಸಂಭಾಷಣೆಯೊಳಗಿನ ಮೌನವನ್ನು ಬರೆಯುವ ಹಂತ

ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಲ್ಲಿ ನಡೆಯುವ ನನ್ನ ಕಿರುಚಿತ್ರದ ಚಿತ್ರಕಥೆ ಈಗ ಸಂಭಾಷಣೆ ತಿದ್ದುವ ಹಂತಕ್ಕೆ ಬಂದಿದೆ. ಭಟ್ಟಿ ನಡೆಸುವ ಅಣ್ಣನ ಬಳಿ ಬೆಂಗಳೂರಿನಲ್ಲಿರುವ ತಮ್ಮ ತನ್ನ ಪಾಲು ಕೇಳಲು ಬರುತ್ತಾನೆ. ಕೇಳಬೇಕಾದುದನ್ನು ಕೇಳಲಾರದೆ ಅವನು, ಹೇಳಬೇಕಾದುದನ್ನು ಹೇಳಲಾರದೆ ಅಣ್ಣ, ಇಬ್ಬರೂ ಮೇಲಿಂದ ಮೇಲೆ ಸುಮ್ಮನಾಗುತ್ತಾರೆ. ಮೊದಲ ಕರಡಿನಲ್ಲಿ ಅಂಥ ಕಡೆಯಲ್ಲೆಲ್ಲ ಆವರಣದೊಳಗೆ ‘ಮೌನ’ ಎಂದಷ್ಟೇ ಗುರುತಿಟ್ಟುಕೊಂಡು ಮುಂದೆ ಸಾಗಿದ್ದೆ. ಆ ಗುರುತುಗಳನ್ನು ಒಂದೊಂದಾಗಿ ತೆಗೆದು, ಪ್ರತಿಯೊಂದೂ ಯಾವ ಬಗೆಯ ಮೌನವೆಂದು ತೀರ್ಮಾನಿಸಿ, ಅದಕ್ಕೆ ತಕ್ಕ ರೂಪ ಕೊಡುವುದೇ ಈ ಸುತ್ತಿನ ಕೆಲಸ.

ಇಂಗ್ಲಿಷ್ ಚಿತ್ರಕಥೆಗಳಲ್ಲಿ ಪಾತ್ರದ ಹೆಸರಿನ ಕೆಳಗೆ ಆವರಣದಲ್ಲಿ ‘ಬೀಟ್’, ಅಂದರೆ ಚಿಕ್ಕ ತಡೆ, ಎಂದು ಬರೆಯುವ ರೂಢಿಯಿದೆ. ಮಾತು ತಾನಾಗಿಯೇ ಕುಗ್ಗಿ ನಿಂತರೆ ಮೂರು ಚುಕ್ಕೆ, ಮತ್ತೊಬ್ಬರು ನಡುವೆ ಬಾಯಿ ಹಾಕಿ ತಡೆದರೆ ಉದ್ದಗೆರೆ. ಚುಕ್ಕೆ ಮತ್ತು ಗೆರೆಯ ಈ ವ್ಯತ್ಯಾಸವನ್ನು ನಾನು ಬಿಗಿಯಾಗಿ ಪಾಲಿಸುತ್ತಿದ್ದೇನೆ, ಏಕೆಂದರೆ ಅದನ್ನು ನೋಡಿಯೇ ಎದುರಿನ ನಟ ತಾನು ಕಾಯಬೇಕೋ ನುಗ್ಗಬೇಕೋ ಎಂಬುದನ್ನು ತಿಳಿಯುತ್ತಾನೆ. ‘ಬೀಟ್’ ಮಾತ್ರ ನನಗೆ ಒಗ್ಗಲಿಲ್ಲ. ಮಾತು ನಿಂತಿತೆಂದು ಅದು ತಿಳಿಸುತ್ತದೆಯೇ ಹೊರತು, ನಿಂತ ಹೊತ್ತಿನಲ್ಲಿ ಏನು ನಡೆಯಿತೆಂಬುದನ್ನು ತಿಳಿಸುವುದಿಲ್ಲ.

ಹೆಚ್ಚು ಹೊತ್ತು ಹಿಡಿದದ್ದು ಚುಕ್ಕೆಗಳನ್ನು ವಾಕ್ಯದಲ್ಲಿ ಎಲ್ಲಿಡಬೇಕೆಂಬ ಪ್ರಶ್ನೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಹೌದೋ ಅಲ್ಲವೋ ಎಂಬುದೂ ಅದರ ಜೊತೆಗೇ ಕೊನೆಗೆ ಬರುತ್ತದೆ. ತಮ್ಮನ ಒಂದು ಮಾತು ಹೀಗಿದೆ: “ಆ ಪತ್ರಕ್ಕೆ ನಾನು ಸಹಿ... ಹಾಕಿಲ್ಲಣ್ಣ.” ‘ಪತ್ರಕ್ಕೆ’ ಎಂಬಲ್ಲಿ ತಡೆದರೆ ತಮ್ಮನು ಮಾತು ಹುಡುಕುತ್ತಿರುವಂತೆ ಕೇಳುತ್ತದೆ. ‘ಸಹಿ’ ಆದಮೇಲೆ ತಡೆದರೆ ಹಾಕಿದ್ದಾನೋ ಇಲ್ಲವೋ ಎಂಬುದು ತೂಗಾಡುತ್ತ ಉಳಿಯುತ್ತದೆ, ಆ ಹೊತ್ತು ತಮ್ಮನದಾಗದೆ ಅಣ್ಣನದಾಗುತ್ತದೆ, ಕ್ಯಾಮೆರಾ ಅಣ್ಣನ ಮುಖದ ಮೇಲಿರಬೇಕೆಂಬುದನ್ನು ಬರೆಯದೆಯೇ ಸೂಚಿಸಿದಂತಾಗುತ್ತದೆ. ಕ್ರಿಯಾಪದಕ್ಕೆ ಮೊದಲೇ ನಿಷೇಧ ಬಂದುಬಿಡುವ ಇಂಗ್ಲಿಷಿನಲ್ಲಿ ಈ ಜಾಗವೇ ಸಿಗುವುದಿಲ್ಲ. ಹಾಗಾಗಿ ಅಲ್ಲಿನ ಕೈಪಿಡಿಗಳ ನಿಯಮ ಇಲ್ಲಿಗೆ ಅರ್ಧವಷ್ಟೇ ಅನ್ವಯಿಸುತ್ತದೆ. “ಅಪ್ಪ ಇದ್ದಿದ್ರೆ...” ಎಂಬಂಥ ಮಾತಿಗಂತೂ ಚುಕ್ಕೆಗಳೇ ಸಾಕು. ಅದರ ಉಳಿದರ್ಧ ಕೇಳುವವನಲ್ಲಿ ತಾನೇ ಪೂರ್ಣವಾಗುತ್ತದೆ.

ದೀರ್ಘ ಮೌನಗಳನ್ನು ಆವರಣದಿಂದ ಹೊರತಂದು ಕ್ರಿಯೆಯ ಸಾಲುಗಳಾಗಿ ಬರೆಯುತ್ತಿದ್ದೇನೆ:

ಅಣ್ಣ: ಯಾವಾಗ ಹೊರಡ್ತೀಯ?

ತಮ್ಮ ಉತ್ತರಿಸುವುದಿಲ್ಲ. ಅಣ್ಣ ಮಂಡಕ್ಕಿಯನ್ನು ಬಿಸಿ ಮರಳಿನ ಸಮೇತ ಜರಡಿಗೆ ಸುರಿಯುತ್ತಾನೆ. ಮರಳು ಸೋರಿ ಮುಗಿಯುವವರೆಗೆ ಇಬ್ಬರೂ ಜರಡಿಯನ್ನೇ ನೋಡುತ್ತಾರೆ.

ಅಣ್ಣ: ಊಟ ಮಾಡ್ಕೊಂಡು ಹೋಗು.

ಇಲ್ಲಿ ಮೌನದ ಅಳತೆಯನ್ನು ಜರಡಿಯೇ ನಿರ್ಧರಿಸುತ್ತದೆ. ನಟರು ಮನಸ್ಸಿನಲ್ಲಿ ಎಣಿಸಬೇಕಾಗಿಲ್ಲ. ಭಟ್ಟಿಯಲ್ಲಿ ಮಾತು ನಿಂತರೆ ನಿಶ್ಶಬ್ದವಾಗುವುದಿಲ್ಲ, ಕಾದ ಮರಳಿನಲ್ಲಿ ಅಕ್ಕಿ ಅರಳುವ ಸದ್ದು ಮುಂದೆ ಬರುತ್ತದೆ ಎಂಬುದನ್ನೂ ಬರವಣಿಗೆಯಲ್ಲಿ ತರಬೇಕಾಯಿತು. ನಿಜವಾದ ನಿಶ್ಶಬ್ದ ಬೇಕಾದ ಒಂದೇ ದೃಶ್ಯವನ್ನು, ಅಂದರೆ ಪಾಲಿನ ಮಾತು ಬಾಯಿಬಿಟ್ಟು ಬರುವ ದೃಶ್ಯವನ್ನು, ಒಲೆ ಹೊತ್ತಿಸದ ದಿನಕ್ಕೆ ಬದಲಾಯಿಸಿದ್ದೇನೆ.

ಬರೆಯುತ್ತಿರುವುದು 2012ರಲ್ಲಿ ಬಂದ ಫೌಂಟನ್ ಎಂಬ, ಚಿತ್ರಕಥೆ ಬರೆಯುವ ಸರಳ ಪಠ್ಯ ವಿಧಾನದಲ್ಲಿ. ಅದು ಪಾತ್ರದ ಹೆಸರನ್ನು ಇಂಗ್ಲಿಷಿನ ದೊಡ್ಡಕ್ಷರಗಳಿಂದ (ಕ್ಯಾಪಿಟಲ್) ಗುರುತಿಸುತ್ತದೆ. ಕನ್ನಡದಲ್ಲಿ ದೊಡ್ಡಕ್ಷರವಿಲ್ಲದ ಕಾರಣ ಹೆಸರಿಗೆ ಮೊದಲು ‘ಅಟ್’ (@) ಚಿಹ್ನೆ ಹಾಕಬೇಕು. ಒಂದೇ ಪಾತ್ರದ ಮಾತಿನ ನಡುವೆ ಖಾಲಿ ಸಾಲು ಬಿಡಬೇಕಾದರೆ ಆ ಸಾಲಿನಲ್ಲಿ ಎರಡು ಸ್ಪೇಸ್ ಇರಬೇಕು, ಇಲ್ಲವಾದರೆ ಮಾತು ಅಲ್ಲಿಗೇ ಮುಗಿದು ಮುಂದಿನದು ಕ್ರಿಯೆಯ ಸಾಲಾಗಿಬಿಡುತ್ತದೆ. ಚಿತ್ರಕಥೆಯ ಒಂದು ಪುಟ ತೆರೆಯ ಮೇಲೆ ಒಂದು ನಿಮಿಷವೆಂಬ ಲೆಕ್ಕ ಹನ್ನೆರಡು ಪಾಯಿಂಟಿನ ಕೊರಿಯರ್ ಎಂಬ ಇಂಗ್ಲಿಷ್ ಅಕ್ಷರಶೈಲಿಯನ್ನು ನಂಬಿಕೊಂಡದ್ದು. ಕನ್ನಡದ ಪುಟಕ್ಕೆ ಅದು ಹೊಂದುವುದಿಲ್ಲ. ಆದ್ದರಿಂದ ಗೆಳೆಯರಿಂದ ಗಟ್ಟಿಯಾಗಿ ಓದಿಸಿ, ಮೊಬೈಲಿನಲ್ಲಿ ಹೊತ್ತು ಅಳೆಯುತ್ತಿದ್ದೇನೆ.

ಉಳಿದಿರುವುದು ಅತ್ತಿಗೆಯ ದೃಶ್ಯ. “ಅತ್ತಿಗೆ, ನೀವಾದ್ರೂ ಹೇಳ್ರಿ” ಎಂದು ಮೈದುನ ಕೇಳಿದಾಗ ಆಕೆ ಏನೂ ಹೇಳುವುದಿಲ್ಲ. ಇಲ್ಲಿ ಕ್ರಿಯೆಯ ಸಾಲು ಬರೆದರೆ ಆಕೆ ಬೇರೆ ಕೆಲಸದಲ್ಲಿದ್ದಳೆಂಬ ಅರ್ಥ ಬರುತ್ತದೆ. ಅದಕ್ಕಾಗಿ ಆಕೆಯ ಹೆಸರು ಬರೆದು ಮಾತಿನ ಜಾಗದಲ್ಲಿ ಮೂರು ಚುಕ್ಕೆಗಳನ್ನಷ್ಟೇ ಇಟ್ಟಿದ್ದೇನೆ: ಮಾತಾಡುವ ಸರದಿ ಆಕೆಯದಾಗಿತ್ತು, ಆಕೆ ಅದನ್ನು ಬೇಕೆಂದೇ ಬಿಟ್ಟುಕೊಟ್ಟಳು. ಮುಂದಿನ ಓದಿನಲ್ಲಿ ಆ ಪಾತ್ರ ಓದುವವರು ಏನನ್ನೂ ವಿವರಿಸದೆಯೇ ಇದನ್ನು ಗ್ರಹಿಸಿದರೆ ಆ ಸಾಲು ಹಾಗೆಯೇ ಉಳಿಯುತ್ತದೆ.