ಗಾಜಿನಲ್ಲೊಂದು ‘ಟಕ್’: ಮನೆ ಕಾಕ್‌ಪಿಟ್, ಆರನೇ ವಾರ

ಭಾನುವಾರ ರಾತ್ರಿ ನಾನು ಒತ್ತಿದ್ದು ಒಂದೇ ಸಲ. ಸ್ಕ್ರೀನ್ ಮಾತ್ರ ಮರಕುಟಿಗನ ಹಾಗೆ ‘ಟಕ್ ಟಕ್ ಟಕ್’ ಅಂತ ಬಡಿದುಕೊಳ್ಳತೊಡಗಿತು. ಹತ್ತಿರದ ವಿಮಾನ ನಿಲ್ದಾಣಗಳ ಪಟ್ಟಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಕೊನೆಗೆ ಯುಎಸ್‌ಬಿ ಕೇಬಲ್ಲನ್ನೇ ಕಿತ್ತೆ.

ಹೊಸದಾಗಿ ಓದುವವರಿಗೆ ಎರಡು ಮಾತು. ಕಂಪ್ಯೂಟರಿನಲ್ಲಿ ವಿಮಾನ ಹಾರಿಸೋ ಎಕ್ಸ್-ಪ್ಲೇನ್ ಸಿಮ್ಯುಲೇಟರ್‌ನ ಸೆಸ್ನಾ 172 ನನ್ನ ವಿಮಾನ. ಅದರ ಗಾರ್ಮಿನ್ ಜಿ1000, ಅಂದರೆ ಹಾರಾಟದ ಮಾಹಿತಿ ತೋರಿಸೋ ಪರದೆಯನ್ನು ಬೇರೆ ವಿಂಡೋ ಮಾಡಿ, 10 ಇಂಚಿನ ಟಚ್ ಮಾನಿಟರ್‌ಗೆ ಎಳೆದು ಹಾಕಿದ್ದೇನೆ. ನಿಜವಾದ ಜಿ1000ದಲ್ಲಿ ಪರದೆಯ ಕೆಳಗೆ ಸಾಲಾಗಿ 12 ಕೀಗಳಿರುತ್ತವೆ. ಏಳನೆಯದು ಯಾವುದು ಅಂತ ಬೆರಳು ತಡವಿಯೇ ಹೇಳಿಬಿಡುತ್ತದೆ. ನನ್ನದು ಬರೀ ಗಾಜು. ಇಳಿಯುವ ಹೊತ್ತಿನಲ್ಲಿ ಕೀ ಹುಡುಕೋಕೆ ಕಣ್ಣು ಕೆಳಗಿಳಿಸಿದರೆ, ಮತ್ತೆ ಮೇಲೆ ನೋಡುವಷ್ಟರಲ್ಲಿ ರನ್‌ವೇ ಎಲ್ಲೋ ಸರಿದಿರುತ್ತದೆ.

ಕಣ್ಣಿಗೆ ಪುರುಸೊತ್ತಿಲ್ಲದಾಗ ಕೈಗೆ ಹೇಳು ಅನ್ನೋದು ವಿಮಾನಗಳಲ್ಲಿ ಹಳೇ ಉಪಾಯ. ಬೋಯಿಂಗ್ 737ರಲ್ಲಿ ಸ್ಟಿಕ್ ಶೇಕರ್ ಇದೆ. ಭಾರ ಒಂದು ಕಡೆಗೆ ವಾಲಿದ ಚಕ್ರವನ್ನು ಒಂದು ಮೋಟಾರ್ ತಿರುಗಿಸುತ್ತದೆ, ಸ್ಟಾಲ್, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳೋ ಸ್ಥಿತಿ, ಹತ್ತಿರ ಬಂದಾಗ ಪೈಲಟ್ ಹಿಡಿದ ಕಂಟ್ರೋಲ್ ಕಾಲಮ್ ಗಡಗಡ ನಡುಗುತ್ತದೆ. ಏರ್‌ಬಸ್ ಎ320ರ ಸೈಡ್‌ಸ್ಟಿಕ್‌ನಲ್ಲಿ, ಅಂದರೆ ಪೈಲಟ್ ಪಕ್ಕದ ಪುಟ್ಟ ಹಿಡಿಕೆಯಲ್ಲಿ, ಇರೋದು ಸ್ಪ್ರಿಂಗ್ ಅಷ್ಟೇ. ಪಕ್ಕದ ಪೈಲಟ್ ಏನು ಮಾಡುತ್ತಿದ್ದಾನೆ ಅಂತ ಈ ಕೈಗೆ ಗೊತ್ತಾಗುವುದಿಲ್ಲ. ಗಲ್ಫ್‌ಸ್ಟ್ರೀಮ್ ಜಿ500ರಲ್ಲಿ ಎರಡೂ ಸ್ಟಿಕ್ಕುಗಳು ಎಲೆಕ್ಟ್ರಾನಿಕ್ ಆಗಿ ಜೊತೆಯಲ್ಲೇ ಅಲ್ಲಾಡುತ್ತವೆ. ನನ್ನ ಆಸೆ ಅಷ್ಟು ದೊಡ್ಡದಲ್ಲ, ಗಾಜಿಗೆ ಒಂಚೂರು ಬಾಯಿ ಬಂದರೆ ಸಾಕು.

ಫೋನ್ ಕೂಡ ‘ಝುಂ’ ಅನ್ನುತ್ತದಲ್ವಾ ಅಂತ ನನ್ನ ಹೆಂಡತಿ ಕೇಳಿದಳು. ಅದು ಕೆಲಸ ಮುಗಿದ ಮೇಲೆ ಕೊಡೋ ರಸೀದಿ. ನನಗೆ ಬೇಕಿರೋದು ಕತ್ತಲಲ್ಲಿ ಕಾಲಿಗೆ ಮೆಟ್ಟಿಲು ಸಿಕ್ಕ ಹಾಗೆ, ಒತ್ತುವ ಮುಂಚೆಯೇ ಬೆರಳಿಗೆ ಜಾಗ ಸಿಗಬೇಕು. ಆದ್ದರಿಂದ ಸುಮ್ನೆ ಮುಟ್ಟಿದರೆ ಏನೂ ಆಗದ ಹಾಗೆ ಮಾಡಿದ್ದೇನೆ. ಬೆರಳು ಜಾರಿಸಿದರೆ ಪ್ರತಿ ಕೀಯ ಅಂಚಿನಲ್ಲೂ ಒಂದು ಸಣ್ಣ ‘ಟಿಕ್’. 150 ಗ್ರಾಂ ಭಾರ ಬಿದ್ದರೆ ದಪ್ಪಗೆ ‘ಟಕ್’, ಆಗ ಮಾತ್ರ ಸಿಮ್ಯುಲೇಟರ್‌ಗೆ ಆಜ್ಞೆ ಹೋಗುತ್ತದೆ.

ಭಾರ ಅಳೆಯೋಕೆ ಅಡುಗೆಮನೆಯ ಕೆಟ್ಟ ಡಿಜಿಟಲ್ ತಕ್ಕಡಿಯಿಂದ ಭಾರ ಗುರುತಿಸೋ ಲೋಡ್ ಸೆಲ್ ಬಿಚ್ಚಿಕೊಂಡೆ, ಅದರ ಸಂಕೇತವನ್ನು ಅಂಕಿಯಾಗಿಸೋಕೆ ಒಂದು ಎಚ್‌ಎಕ್ಸ್711 ಬೋರ್ಡ್. ಮೊದಲ ವಾರ ಒತ್ತಿದ್ದಕ್ಕೂ ‘ಟಕ್’ಗೂ ಸಂಬಂಧವೇ ಇರಲಿಲ್ಲ. ಆ ಬೋರ್ಡ್ ಸೆಕೆಂಡಿಗೆ 10 ಸಲ ಮಾತ್ರ ಅಳೆಯುವಂತೆ ಕಟ್ಟಿ ಬಂದಿರುತ್ತದೆ. ಚಿಪ್ಪಿನ 15ನೇ ಕಾಲು ನೆಲಕ್ಕೆ, ಅಂದರೆ ಗ್ರೌಂಡ್‌ಗೆ ಅಂಟಿರುತ್ತದೆ. ಸೋಲ್ಡರಿಂಗ್ ಐರನ್ ತಾಗಿಸಿ, ಗುಂಡುಸೂಜಿಯ ತುದಿಯಿಂದ ಆ ಕಾಲನ್ನು ಮೆಲ್ಲಗೆ ಎಬ್ಬಿಸಿ, ಕೂದಲಿನಂಥ ತಂತಿಯಿಂದ ಪಕ್ಕದ 16ನೇ ಕಾಲಿಗೆ ಸೇರಿಸಿದೆ. ಈಗ ಸೆಕೆಂಡಿಗೆ 80. ಎರಡು ಬೋರ್ಡ್ ಸುಟ್ಟ ಮೇಲೆ ಕೈ ಕುದುರಿತು.

ಅದುರಿಸೋಕೆ ಮೊದಲು ಮೊಬೈಲಿನ ವೈಬ್ರೇಟರ್ ಮೋಟಾರ್ ಹಾಕಿದ್ದೆ. ಅದು ತಿರುಗಲು ಶುರುವಾಗೋದೂ ನಿಧಾನ, ನಿಲ್ಲೋದೂ ನಿಧಾನ. ‘ಟಿಕ್’ ಬದಲು ‘ಗುರ್ರ್’ ಬಂತು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿಗೆ ಹೋಗಿ ಒಂದು ಎಕ್ಸೈಟರ್ ತಂದೆ, ಕಾಗದದ ಕೋನ್ ಇಲ್ಲದ ಸ್ಪೀಕರ್ ಅನ್ನಿ. ಅದನ್ನು ಪರದೆಯ ಬೆನ್ನಿಗೆ ಅಂಟಿಸಿ 200 ಹರ್ಟ್ಸ್‌ನ ಎರಡೇ ಅಲೆ ಕಳಿಸಿದರೆ 10 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತದೆ, ಆದರೆ ಕೆಳಗಿನ ಪ್ಲೈವುಡ್ ತಬಲಾ ಆಯಿತು. ಹಳೇ ಕುಕ್ಕರ್ ಗ್ಯಾಸ್ಕೆಟ್ ತುಂಡು ಮಾಡಿ ನಾಲ್ಕು ಮೂಲೆಗೂ ಇಟ್ಟ ಮೇಲೆ ಸದ್ದು ಅಡಗಿತು.

ಇನ್ನು ಆ ಮರಕುಟಿಗ. ಎರಡು ದಿನ ಕೋಡ್ ನೋಡಿದೆ, ತಪ್ಪು ಅಲ್ಲಿರಲಿಲ್ಲ. ‘ಟಕ್’ ಅಂದಾಗ ಪರದೆ ಅದುರುತ್ತದೆ. ಅದುರಿದರೆ ಲೋಡ್ ಸೆಲ್ಲೂ ಕುಣಿಯುತ್ತದೆ. ಅದನ್ನೇ ಹೊಸ ಒತ್ತು ಅಂದುಕೊಂಡು ಮತ್ತೆ ‘ಟಕ್’. ತನ್ನ ಕೆಮ್ಮಿಗೆ ತಾನೇ ಬೆಚ್ಚಿಬೀಳೋ ಮಗುವಿನ ಕಥೆ! ಪ್ರತಿ ‘ಟಕ್’ ಆದಮೇಲೆ 60 ಮಿಲಿಸೆಕೆಂಡ್ ಅಳತೆಗೆ ಕಣ್ಣು ಮುಚ್ಚಿಸಿದೆ. ಆದರೂ ಆಗಾಗ ಎರಡೆರಡು ಬೀಳುತ್ತಿತ್ತು, ಬೆರಳು 150ರ ಆಸುಪಾಸಿನಲ್ಲೇ ತೂಗಾಡುತ್ತಿತ್ತಲ್ಲ. ಹಾಗಾಗಿ ಒತ್ತಿದ್ದಕ್ಕೆ 150, ಬಿಟ್ಟಿದ್ದಕ್ಕೆ 80 ಅಂತ ಬೇರೆ ಬೇರೆ ಗೆರೆ ಎಳೆದೆ. ಅಲ್ಲಿಗೆ ಮರಕುಟಿಗ ಹಾರಿಹೋಯಿತು.

ನಿನ್ನೆ ಪರೀಕ್ಷೆ. ನಾನು ದೊಡ್ಡ ಮಾನಿಟರ್ ಮಾತ್ರ ನೋಡಬೇಕು. ಮಗಳು ಕುರ್ಚಿ ಅಲ್ಲಾಡಿಸುತ್ತಾ 1ರಿಂದ 12ರೊಳಗೆ ಒಂದು ಅಂಕಿ ಕೂಗಬೇಕು. “ಅಪ್ಪಾ, ಇನ್ನೂ ಜೋರಾಗಿ ಅಲ್ಲಾಡಿಸ್ಲಾ?” ಅಂತ ಅವಳಿಗೆ ಭಾರಿ ಖುಷಿ. ‘ಟಿಕ್’ ಇಲ್ಲದೆ 20ರಲ್ಲಿ 9 ಸರಿ, ಇದ್ದಾಗ 16. ತಪ್ಪಿದ ನಾಲ್ಕರಲ್ಲಿ ಮೂರು ಬೆರಳಿನ ತಪ್ಪೇ ಅಲ್ಲ. ಕುರ್ಚಿ ಕುಲುಕಿದಾಗ ಆಧಾರಕ್ಕೆ ಹೆಬ್ಬೆರಳನ್ನು ಸ್ಕ್ರೀನಿನ ಅಂಚಿಗೆ ಊರುತ್ತೇನೆ. ಆ ಭಾರವೂ ಅದೇ ಲೋಡ್ ಸೆಲ್ ಮೇಲೆ ಬೀಳುತ್ತದೆ!

ಈಗ ರಟ್ಟಿನಲ್ಲಿ ಒಂದು ಚೌಕಟ್ಟು ಕತ್ತರಿಸಿ, ಪರದೆಗೆ ತಾಗದ ಹಾಗೆ 2 ಮಿಲಿಮೀಟರ್ ಬಿಟ್ಟು ಪ್ಲೈವುಡ್‌ಗೆ ನಿಲ್ಲಿಸಿದ್ದೇನೆ. ಹೆಬ್ಬೆರಳು ಊರಿದರೆ ಅಳತೆ ಸೊನ್ನೆಯಲ್ಲೇ ಇದೆ. ಶನಿವಾರ ಇದನ್ನೇ ಮರದಲ್ಲಿ ಮಾಡಿಸಿ, ಮಗಳನ್ನು ಮತ್ತೆ ಕುರ್ಚಿ ಹಿಂದೆ ನಿಲ್ಲಿಸಬೇಕು.