ಹಂದಿ ನಾಯಿ ಥರಾನೇ ಇರುತ್ತಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಮನೆಯಲ್ಲಿ ಹಂದಿ ಇದೆ, ಅದೂ ಡೊಳ್ಳುಹೊಟ್ಟೆಯ ಪಾಟ್‌ಬೆಲ್ಲಿ ಹಂದಿ ಅಂದ ಕೂಡಲೇ ಜನ ಕೇಳುವುದು ಒಂದೇ: ‘ನಾಯಿ ಥರಾನೇ ಇರುತ್ತಾ?’ ಹೆಸರು ಹಿಡಿದು ಕರೆದರೆ ಬರುತ್ತೆ, ಖುಷಿಯಾದರೆ ಬಾಲ ಅಲ್ಲಾಡಿಸುತ್ತೆ, ಮಲಗುವ ಜಾಗ ಬಿಟ್ಟು ದೂರದ ಒಂದು ಮೂಲೆಯಲ್ಲೇ ಹೇಲು ಉಚ್ಚೆ ಮಾಡುತ್ತೆ. ಇಷ್ಟು ಹೇಳುವಷ್ಟರಲ್ಲಿ ಕೇಳಿದವರು ‘ಓ, ನಾಯಿ ಥರಾನೇ’ ಅಂತ ತೀರ್ಮಾನ ಮಾಡಿಬಿಟ್ಟಿರುತ್ತಾರೆ. ನನ್ನ ಉತ್ತರ ಮಾತ್ರ ‘ಇಲ್ಲ’. ನಾಯಿ ಅಂದುಕೊಂಡು ಹಂದಿ ತಂದ ಮನೆಗಳಲ್ಲಿ ಹಂದಿಗೂ ನೆಮ್ಮದಿ ಇರುವುದಿಲ್ಲ, ಮನೆಯವರಿಗೂ ಇರುವುದಿಲ್ಲ.

ದೊಡ್ಡ ವ್ಯತ್ಯಾಸ ಭಯದ್ದು. ನಾಯಿ ಬೇಟೆಯಾಡುವ ಕುಲದ್ದು, ಹಂದಿ ಬೇಟೆಗೆ ಬಲಿಯಾಗುವ ಕುಲದ್ದು. ಮುದ್ದು ಬಂತೆಂದು ಮರಿಯನ್ನು ನೆಲದಿಂದ ಎತ್ತಿದರೆ ಕಿವಿ ಕಿವುಡಾಗುವಂತೆ ಕಿರುಚುತ್ತದೆ. ಹಂದಿಯ ಕಿರುಚಾಟ 110 ಡೆಸಿಬೆಲ್ ದಾಟಬಲ್ಲದು. ಕಾಲು ನೆಲ ಬಿಟ್ಟಿತು ಅಂದರೆ ಯಾವುದೋ ಪ್ರಾಣಿ ಕಚ್ಚಿ ಎತ್ತಿಕೊಂಡಿತು ಅಂತಲೇ ಅದರ ಲೆಕ್ಕ. ಹಾಗಾಗಿ ಹಂದಿಯ ಸ್ನೇಹ ಬೇಕಾದವರು ನೆಲದ ಮೇಲೆ ಕೂರಬೇಕು, ಕೈ ಚಾಚದೆ ಕಾಯಬೇಕು. ಮೊದಲು ಕಾಲ್ಬೆರಳು ಮೂಸುತ್ತದೆ, ಹಿಂದೆ ಸರಿಯುತ್ತದೆ, ಮತ್ತೆ ಬರುತ್ತದೆ. ವಾರಗಟ್ಟಲೆ ಹೀಗೇ ನಡೆಯಬಹುದು. ಆಮೇಲೊಂದು ದಿನ ಪಕ್ಕೆ ಕೆರೆಯಲು ಬಿಡುತ್ತದೆ. ಕೆರೆಯುತ್ತಾ ಹೊಟ್ಟೆಯ ಕಡೆ ಕೈ ಹೋದಂತೆ ಬೆನ್ನ ಮೇಲಿನ ಬಿರುಗೂದಲು ನೆಟ್ಟಗೆ ನಿಲ್ಲುತ್ತದೆ, ಹಿಂಗಾಲು ಮಡಚಿಕೊಳ್ಳುತ್ತದೆ, ಇಡೀ ದೇಹ ದೊಪ್ಪನೆ ಪಕ್ಕಕ್ಕೆ ಉರುಳುತ್ತದೆ. ಕಣ್ಣು ಮುಚ್ಚಿ, ಗಂಟಲೊಳಗೇ ಸಣ್ಣಗೆ ಗೊರಗುಡುತ್ತಾ ಮಲಗಿಬಿಡುತ್ತದೆ. ಯಾಕೆ ಹಂದಿಯನ್ನೇ ಸಾಕುತ್ತೀರಿ ಅಂದರೆ ಇದಕ್ಕೇ ಅನ್ನುತ್ತೇನೆ. ಹುಟ್ಟಾ ಅಂಜುವ ಪ್ರಾಣಿ ನಮ್ಮ ಮುಂದೆ ಹೊಟ್ಟೆ ತೋರಿಸಿ ಮಲಗುವುದು ಸಣ್ಣ ಮಾತಲ್ಲ.

ಇದೇ ಕಾರಣಕ್ಕೆ ನಾಯಿ, ಹಂದಿ ಎಷ್ಟೇ ಹೊಂದಿಕೊಂಡಿದ್ದರೂ ಎರಡನ್ನೇ ಬಿಟ್ಟು ಹೊರಗೆ ಹೋಗಬಾರದು. ಹಂದಿ ಕಿರುಚಿ ಓಡಿದರೆ ಅಟ್ಟಿಸಿಕೊಂಡು ಹೋಗುವುದು ನಾಯಿಯ ಸ್ವಭಾವದಲ್ಲೇ ಇದೆ.

ಗಾತ್ರದ ವಿಷಯದಲ್ಲಂತೂ ಜನರಿಗೆ ಆಗುವ ಮೋಸ ನೋಡಿದರೆ ಹೊಟ್ಟೆ ಉರಿಯುತ್ತದೆ. ಈ ತಳಿಯ ಮೂಲ ವಿಯೆಟ್ನಾಂ. 1980ರ ದಶಕದಲ್ಲಿ ಕೆನಡಾ, ಅಮೆರಿಕಗಳಿಗೆ ಬಂದದ್ದು ಮೃಗಾಲಯಗಳಿಗೆಂದು. ಸಾಕುಪ್ರಾಣಿಯಾಗಿ ಹೆಸರಾದದ್ದು ಆಮೇಲೆ. ಇನ್ನೂರು ಮುನ್ನೂರು ಕಿಲೋ ತೂಗುವ ಫಾರ್ಮ್ ಹಂದಿಯ ಪಕ್ಕದಲ್ಲಿ ಇದು ಚಿಕ್ಕದು, ಅಷ್ಟೇ. ಬೆಳೆದ ಪಾಟ್‌ಬೆಲ್ಲಿ ಸಾಮಾನ್ಯವಾಗಿ 45ರಿಂದ 90 ಕಿಲೋ ತೂಗುತ್ತದೆ. ಬೆಳೆದರೂ ಪುಟ್ಟದಾಗೇ ಇರುತ್ತದೆ ಅಂತ ಹೇಳಿ ಮಾರುವ ‘ಟೀಕಪ್ ಹಂದಿ’ ಎನ್ನುವ ತಳಿಯೇ ಇಲ್ಲ. ಮಾರುವವರು ‘ತಾಯಿ ತಂದೆ ನೋಡಿ, ಎಷ್ಟು ಪುಟ್ಟದಾಗಿವೆ’ ಅಂತ ತೋರಿಸುತ್ತಾರೆ. ಆದರೆ ಹಂದಿ ಕೆಲವೇ ತಿಂಗಳ ವಯಸ್ಸಿಗೆ ಮರಿ ಹಾಕುವ ಸ್ಥಿತಿಗೆ ಬರುತ್ತದೆ, ಪೂರ್ತಿ ಬೆಳೆಯಲು ಮೂರರಿಂದ ಐದು ವರ್ಷ ಹಿಡಿಯುತ್ತದೆ. ಆ ತಾಯಿ ತಂದೆಯೂ ಇನ್ನೂ ಬೆಳೆಯುತ್ತಿರುವ ಮರಿಗಳೇ ಆಗಿರಬಹುದು. ಚಿಕ್ಕದಾಗೇ ಇರಲಿ ಅಂತ ಊಟ ಕಡಿಮೆ ಮಾಡಿ ಎನ್ನುವ ಸಲಹೆಯನ್ನೂ ಕೊಡುತ್ತಾರೆ. ಅದು ಪ್ರಾಣಿಯನ್ನು ಉಪವಾಸ ಕೆಡವುವುದು, ಬೇರೇನೂ ಅಲ್ಲ.

ಇನ್ನು ಮೂತಿ. ಹಂದಿಗೆ ಮೂತಿಯೇ ಕೈ. ತುದಿಯಲ್ಲಿ ಮೆತ್ತಗೆ ಒದ್ದೆಯಾಗಿ ಕಾಣುವ ಆ ಬಿಲ್ಲೆಯೊಳಗೆ ಒಂದು ಪುಟ್ಟ ಎಲುಬೇ ಇದೆ. ಗಟ್ಟಿ ನೆಲವನ್ನೂ ಬಗೆಯುವಷ್ಟು ಬಲ ಅದಕ್ಕೆ. ಬಗೆಯುವುದು ಕೆಟ್ಟ ಚಾಳಿಯಲ್ಲ, ಅದರ ಬದುಕೇ ಅದು. ಬಗೆಯಲು ಮಣ್ಣು ಸಿಗದಿದ್ದರೆ ಕಾರ್ಪೆಟ್ ಏಳುತ್ತದೆ, ಗೋಡೆಯ ಗಾರೆ ಉದುರುತ್ತದೆ. ಫ್ರಿಜ್ಜಿನ ಬಾಗಿಲು ತೆಗೆಯುವುದನ್ನು ಒಮ್ಮೆ ಕಲಿತರೆ ಮರೆಯುವುದಿಲ್ಲ. ಹೊರಗೆ ಬಗೆಯಲು ಒಂದು ತುಂಡು ನೆಲ ಕೊಡಬೇಕು. ಮನೆಯೊಳಗಾದರೆ ಅಗಲವಾದ ಪೆಟ್ಟಿಗೆಯಲ್ಲಿ ನುಂಗಲಾಗದಷ್ಟು ದೊಡ್ಡ ನುಣುಪು ಕಲ್ಲು ತುಂಬಿ, ನಡುವೆ ಅದರ ಆಹಾರವನ್ನೇ ಉದುರಿಸಿದರೆ ಗಂಟೆಗಟ್ಟಲೆ ಹುಡುಕುತ್ತಾ ಇರುತ್ತದೆ. ಸಂಜೆಯಾದರೆ ಹೊದಿಕೆಗಳನ್ನು ಬಾಯಲ್ಲಿ ಕಚ್ಚಿ ಎಳೆದು ತಂದು, ಮುಂಗಾಲಲ್ಲಿ ಕೆರೆದು, ಮೂತಿಯಿಂದ ಅಂಚುಗಳನ್ನು ಎತ್ತಿ ಗೂಡು ಕಟ್ಟುತ್ತದೆ. ಒಂದು ಮಡಿಕೆ ಸರಿ ಕಾಣದಿದ್ದರೂ ಎದ್ದು ಮತ್ತೆ ಕಟ್ಟುತ್ತದೆ. ಇದನ್ನು ನೋಡುತ್ತಾ ಕೂತರೆ ನನಗೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ.

ಈ ತಲೆಗೆ ಕೆಲಸ ಬೇಕು. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನಾಲ್ಕು ಹಂದಿಗಳು ಮೂತಿಯಿಂದ ಜಾಯ್‌ಸ್ಟಿಕ್ ಅಲುಗಿಸಿ, ಪರದೆಯ ಮೇಲಿನ ಗುರುತನ್ನು ಗುರಿಗೆ ಮುಟ್ಟಿಸುವುದನ್ನು ಕಲಿತವು. ತಿನಿಸು ಬೀಳಿಸುವ ಯಂತ್ರ ಕೆಟ್ಟಾಗಲೂ, ಬರೀ ಮಾತಿನ ಪ್ರೋತ್ಸಾಹಕ್ಕೆ ಆಟ ಮುಂದುವರಿಸಿದವು. ಇಂಥ ಪ್ರಾಣಿಯನ್ನು ಒಂದು ಕೋಣೆಯಲ್ಲಿ ಒಂಟಿಯಾಗಿ ಕೂಡಿಹಾಕಿದರೆ ಅದು ಮುಂಗೋಪಿಯಾಗುವುದರಲ್ಲಿ ಆಶ್ಚರ್ಯವೇನಿದೆ?

ಹಂದಿಗಳ ಹಿಂಡಿನಲ್ಲಿ ಯಾರು ಮೇಲು ಎನ್ನುವುದು ತಳ್ಳಾಟದಲ್ಲೇ ತೀರ್ಮಾನವಾಗುತ್ತದೆ. ಮನೆಯಲ್ಲಿ ಒಂದೇ ಹಂದಿ ಇದ್ದರೆ ಆ ತಳ್ಳಾಟ ಮನುಷ್ಯರ ಮೇಲೆ ತಿರುಗುತ್ತದೆ, ಬಂದ ನೆಂಟರ ಮೇಲಂತೂ ಖಂಡಿತ. ತಲೆ ಅಡ್ಡಕ್ಕೆ ಬೀಸುತ್ತದೆ, ಮೈಮೇಲೆ ನುಗ್ಗುತ್ತದೆ. ಹೊಡೆದರೆ ಭಯ ಹೆಚ್ಚುತ್ತದೆ, ಹೆದರಿ ಹಿಂದೆ ಸರಿದರೆ ಗೆದ್ದೆ ಅಂದುಕೊಳ್ಳುತ್ತದೆ. ಸಮಾಧಾನವಾಗಿ, ಪಟ್ಟು ಬಿಡದೆ, ನಾವು ಹೋಗುವ ದಾರಿಯಿಂದ ಅದೇ ಸರಿಯುವಂತೆ ಮಾಡುವುದನ್ನು ದಿನಾ ಅಭ್ಯಾಸ ಮಾಡಿಸಬೇಕು. ತಿಂಡಿಯನ್ನು ಕೈಯಿಂದ ಕೊಡುವ ಬದಲು ನೆಲಕ್ಕೋ ಬಟ್ಟಲಿಗೋ ಹಾಕಿದರೆ ಕೈ ಕಂಡಾಗಲೆಲ್ಲ ಮೇಲೆ ಬೀಳುವ ಅಭ್ಯಾಸ ತಪ್ಪುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಇನ್ನೊಂದು ಹಂದಿಯ ಜೊತೆ.

ದೇಹದ ಆರೈಕೆಯೂ ಬೇರೆ. ಹಂದಿ ಬೆವರಿ ಮೈ ತಣಿಸಿಕೊಳ್ಳಲಾರದು. ನೆರಳು, ಕೆಸರು, ನೀರು ಬೇಕೇ ಬೇಕು. ಕುಡಿಯುವ ನೀರು ತಪ್ಪಿದರೆ ದೇಹದಲ್ಲಿ ಉಪ್ಪಿನಂಶ ಏರಿ ಮಿದುಳಿಗೇ ಪೆಟ್ಟಾಗಬಹುದು. ಫಾರ್ಮ್ ಹಂದಿಯ ಆಹಾರ ಬೇಗ ಕೊಬ್ಬಿಸಲು ಮಾಡಿದ್ದು, ಅದನ್ನು ಹಾಕಿದರೆ ಮುಖದ ಕೊಬ್ಬಿನ ಮಡಿಕೆ ಕಣ್ಣನ್ನೇ ಮುಚ್ಚುತ್ತದೆ. ಗೊರಸು ಕತ್ತರಿಸಬೇಕು. ಗಂಡಿಗೆ ಬೀಜ ತೆಗೆಸದಿದ್ದರೆ ಘಾಟು ವಾಸನೆ, ಜೊತೆಗೆ ಬೆಳೆಯುತ್ತಲೇ ಹೋಗುವ ಕೋರೆಹಲ್ಲು. ಹೆಣ್ಣು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಗರ್ಭಕೋಶ ತೆಗೆಸದೆ ಬಿಟ್ಟರೆ ವಯಸ್ಸಾದ ಮೇಲೆ ಅಲ್ಲಿ ಗೆಡ್ಡೆಯಾಗುವುದು ಸಾಮಾನ್ಯ. ನಮಗೆ ಫ್ಲೂ ಬಂದಾಗ ಹಂದಿಯಿಂದ ದೂರ ಇರಬೇಕು, ಅದಕ್ಕೂ ಅಂಟುತ್ತದೆ.

‘ಹಾಗಾದ್ರೆ ತರೋದೇ ಬೇಡ್ವಾ?’ ಇದು ಮುಂದಿನ ಪ್ರಶ್ನೆ. ತನ್ನಿ, ಆದರೆ ಹಂದಿ ನೋಡುವ ಮೊದಲು ಹಂದಿಗೆ ಚಿಕಿತ್ಸೆ ಕೊಡಬಲ್ಲ ಪಶುವೈದ್ಯರನ್ನು ಹುಡುಕಿ. ಬೆಕ್ಕು ನಾಯಿ ನೋಡುವವರೆಲ್ಲ ಇದಕ್ಕೆ ಅರಿವಳಿಕೆ ಕೊಡಲು ಒಪ್ಪುವುದಿಲ್ಲ. ನಿಮ್ಮಲ್ಲಿ ಹಂದಿ ಸಾಕಲು ಕಾನೂನಿನ ಅಡ್ಡಿ ಇದೆಯಾ ಕೇಳಿ. ಕೆಲವು ದೇಶಗಳಲ್ಲಿ ಒಂದೇ ಹಂದಿ ಇದ್ದರೂ ಜಾನುವಾರಿನ ನಿಯಮವೇ. ಬ್ರಿಟನ್ನಿನಲ್ಲಿ ಅಡುಗೆಮನೆಯ ಉಳಿಕೆ ಹಾಕುವುದೂ ಅಪರಾಧ. 15 ವರ್ಷ ಬದುಕಬಲ್ಲ ಪ್ರಾಣಿ, ಮನೆ ಬದಲಿಸುವಾಗಲೂ ಜೊತೆಗೆ ಬರಬೇಕು. ಇದೆಲ್ಲ ಆಗುತ್ತದೆ ಅನಿಸಿದರೆ ಮರಿ ಕೊಳ್ಳುವುದು ಬಿಟ್ಟು, ಯಾರೋ ಬೇಡವೆಂದು ಬಿಟ್ಟುಹೋದ, ಬೆಳೆದ ಹಂದಿಗಳು ಇರುವ ಆಶ್ರಯಧಾಮಕ್ಕೆ ಹೋಗಿ. ಅಲ್ಲಿ ಗಾತ್ರ ಎಷ್ಟು, ಸ್ವಭಾವ ಎಂಥದ್ದು ಎನ್ನುವುದು ಕಣ್ಣೆದುರಿಗೇ ಇರುತ್ತದೆ. ಒಂದಕ್ಕೊಂದು ಒಗ್ಗಿಕೊಂಡ ಜೋಡಿ ಸಿಕ್ಕರೆ ಎರಡನ್ನೂ ಕರೆದುಕೊಂಡು ಬನ್ನಿ.