ಸುರಂಗದೊಳಗೆ ಶುರುವಾದ ಪಾಠ

14 ಜೂನ್ 2024, ಶುಕ್ರವಾರ
ಬದಿಯಡ್ಕ, ಕಾಸರಗೋಡು

ಮೊನ್ನೆ ಪಿಎಚ್‌ಡಿ ವೈವಾ ಮುಗಿಯಿತು. ಇವತ್ತು ಪ್ರಬಂಧದ ಒಂದು ಪ್ರತಿ ಹಿಡಿದುಕೊಂಡು, ಕಾಲೇಜಿನಲ್ಲಿ ಪಾಠ ಹೇಳಿದ ಸರ್ ಮನೆಗೆ ಹೋಗಿ ಬಂದೆ. ಹೆಸರು ಹಾಕಿ ಹೊಗಳಿದರೆ ಅವರಿಗೆ ಇಷ್ಟವಾಗುವುದಿಲ್ಲ. ಹಾಗಾಗಿ ಇಲ್ಲಿಯೂ ಬರೀ ಸರ್.

ನಾನು ಹನ್ನೆರಡನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಕಾಲೇಜಿಗೆ ಬಂದು ಭೂವಿಜ್ಞಾನ ತೆಗೆದುಕೊಂಡಾಗ ಪುಸ್ತಕವೆಲ್ಲ ಇಂಗ್ಲಿಷ್, ಬೆಂಚಿನ ಮಾತೆಲ್ಲ ಮಲಯಾಳ. ಸರ್ ಸಂಜೆ ನಮ್ಮನ್ನು ಕೂರಿಸಿಕೊಂಡು ಅದೇ ಪಾಠವನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಅರ್ಥ ಆದ ಮೇಲೆ ಇಂಗ್ಲಿಷಿನಲ್ಲಿ ಬರೆಸುತ್ತಿದ್ದರು. "ವಿಷಯ ಮೊದಲು ತಲೆಗೆ ಹೋಗಲಿ ಮಾರಾಯ, ಇಂಗ್ಲಿಷ್ ಹಿಂದಿನಿಂದ ಬರ್ತದೆ" ಎನ್ನುತ್ತಿದ್ದರು. ಬಂತು ಕೂಡ. ಆ ಸಂಜೆಗಳಿಗೆ ಯಾರೂ ಅವರಿಗೆ ಸಂಬಳ ಕೊಟ್ಟಿರಲಿಲ್ಲ.

ಆದರೆ ನನ್ನ ದಾರಿ ತಿರುಗಿದ್ದು ಬಾಯಾರು ಎಂಬ ಊರಿನಲ್ಲಿ. ಸರ್ ನಮ್ಮನ್ನು ಅಲ್ಲಿಯ ಒಂದು ಅಡಿಕೆ ತೋಟಕ್ಕೆ ಕರೆದುಕೊಂಡು ಹೋದರು. ಗುಡ್ಡದ ಬುಡದಲ್ಲಿ ನೀರಿಗಾಗಿ ಅಡ್ಡಕ್ಕೆ ತೋಡಿದ ಸುರಂಗ. ಒಬ್ಬರು ನುಸುಳುವಷ್ಟೇ ಅಗಲ. ಪಾದದ ಕೆಳಗೆ ತಣ್ಣಗೆ ನೀರು ಹರಿಯುತ್ತಿತ್ತು. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆಯಲ್ಲಿ ಪಿಕಾಸಿಯ ಗುರುತು ಒಂದರ ಪಕ್ಕ ಒಂದು ಹಾಗೇ ಇತ್ತು. ಅದನ್ನು ತೋಡಿದ ಅಜ್ಜನ ಎದುರು ನಮ್ಮನ್ನು ಕೂರಿಸಿ, "ಇವತ್ತು ಪಾಠ ಇವರದ್ದು" ಎಂದು ಸರ್ ತಾವೂ ನೋಟ್‌ಬುಕ್ ಬಿಚ್ಚಿದರು.

ಅಜ್ಜ ಹೇಳುತ್ತಾ ಹೋದರು. ಒಳಗೆ ಹೋದ ಹಾಗೆ ನೆಲ ಸ್ವಲ್ಪ ಸ್ವಲ್ಪ ಏರಬೇಕು, ಆಗ ನೀರು ತಾನಾಗಿ ಹೊರಗೆ ಬರುತ್ತದೆ, ಪಂಪು ಬೇಡ. ಮೇಣದ ಬತ್ತಿ ಮಂಕಾದರೆ ಗಾಳಿ ಸಾಲದು, ಕೂಡಲೇ ಹೊರಗೆ ಬರಬೇಕು. ಸರ್ ಅದಕ್ಕೆ ವಿಜ್ಞಾನ ಸೇರಿಸಿದರು. ಮುರಕಲ್ಲಿನ ತೂತುಗಳಲ್ಲಿ ಮಳೆ ನೀರು ಇಳಿಯುತ್ತದೆ, ಕೆಳಗಿನ ಶೇಡಿಮಣ್ಣು, ಅಂದರೆ ಜೇಡಿಯಂಥ ನುಣ್ಣನೆಯ ಮಣ್ಣು, ಅದನ್ನು ಬೇಗ ಬಿಟ್ಟುಕೊಡುವುದಿಲ್ಲ, ಆ ನೀರೇ ಸುರಂಗಕ್ಕೆ ಒಸರುತ್ತದೆ. ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ ಬ್ರಿಟಿಷ್ ಸರ್ವೇಯರ್ ಬುಕಾನನ್ ಈ ಕಲ್ಲಿನ ಬಗ್ಗೆ 1807ರಲ್ಲಿ ಬರೆದದ್ದೂ ನಮ್ಮ ಕೇರಳದ ಅಂಗಾಡಿಪುರಂನಲ್ಲಿ ನೋಡಿದ ಮೇಲೆಯೇ ಎಂದು ಹೇಳಿದಾಗ ನನಗೆ ರೋಮಾಂಚನ. ಪುಸ್ತಕದಲ್ಲಿ ಎಲ್ಲೋ ದೂರ ಇದ್ದ ವಿಷಯ ನಮ್ಮ ಮನೆ ಗೋಡೆಯ ಕಲ್ಲೇ ಆಗಿತ್ತು ಅಲ್ವಾ!

ಸುರಂಗದ ನೀರಿನ ಮೇಲೆಯೇ ಪಿಎಚ್‌ಡಿ ಮಾಡುತ್ತೇನೆ ಎಂದಾಗ ಸರ್ ನಿವೃತ್ತರಾಗಿದ್ದರು. ಹೆಸರಿಗೆ ಗೈಡ್ ಬೇರೆಯವರು. ಆದರೂ ಒಂದೊಂದು ಅಧ್ಯಾಯವನ್ನೂ ಓದಿ ಕೆಂಪು ಪೆನ್ನಿನಲ್ಲಿ ಗೀಚಿ ಕಳಿಸಿದರು. ಒಂದು ಮಾತು ಮಾತ್ರ ಬಿಡಲಿಲ್ಲ: ಮಳೆಗಾಲದ ಅಳತೆ ಯಾರಿಗೂ ಸಿಗುತ್ತದೆ, ಏಪ್ರಿಲ್ ಮೇಯಲ್ಲಿ ಹೋಗು. ಬಕೆಟ್ ಇಟ್ಟು, ತುಂಬಲು ಎಷ್ಟು ಸೆಕೆಂಡು ಎಂದು ನೋಡು. ಸುಡುಬಿಸಿಲಿನಲ್ಲಿ ಗುಡ್ಡ ಹತ್ತಿ ಇಳಿದು ಬರೆದ ಆ ಲೆಕ್ಕವೇ ವೈವಾದಲ್ಲಿ ನನ್ನ ಕೈ ಹಿಡಿಯಿತು. ಪರೀಕ್ಷಕರು ಜಾಸ್ತಿ ಹೊತ್ತು ಕೇಳಿದ್ದು ಅದನ್ನೇ.

ಇವತ್ತು ಕಾಲಿಗೆ ಬಿದ್ದೆ. "ಏಳು, ಕಾಫಿ ಕುಡಿ" ಎಂದರು. ಸರ್ ಮನೆಯ ಅಕ್ಕ ಬಿಸಿ ನೀರುದೋಸೆ ಹಾಕಿದರು. ಸರ್ ನೇರ ಬೇಸಿಗೆ ಲೆಕ್ಕದ ಪುಟಕ್ಕೇ ಹೋಗಿ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದರು. ನಾನು ಉಪಕಾರ ಹೇಳಲು ಮಾತು ಜೋಡಿಸುತ್ತಿದ್ದೆ. ಅವರು ಕೇಳಿದ್ದು ಬೇರೆಯೇ: "ಸುರಂಗ ತೋಡುವವರು ಈಗ ಯಾರ್ಯಾರು ಉಳಿದಿದ್ದಾರೆ? ಅವರು ಇರುವಾಗಲೇ ಕೇಳಿ ಬರೆದಿಡು."

ಭಾನುವಾರ ಪೈವಳಿಕೆಯಿಂದ ಶುರು ಮಾಡುತ್ತೇನೆ. ಸರ್ ಕೂಡ ಬರುತ್ತಾರಂತೆ.